ಉಜ್ಜುಹೆಜ್ಜೆ

ಫೆಬ್ರವರಿ ೨, ಸೋಮವಾರ

ಈ ಬಾಕ್ಸಿಂಗ್ ಶಾಲೆಯ ಯಜಮಾನಿ ನಾನು. ಕಟ್ಟಡ ನನ್ನ ಹೆಸರಿನಲ್ಲಿದೆ, ಪರವಾನಗಿ ನನ್ನ ಹೆಸರಿನಲ್ಲಿದೆ, ಬೀಗದ ಕೈಗೊಂಚಲು ನನ್ನ ಸೊಂಟದಲ್ಲಿದೆ. ಕೆಳಗೆ ತಾಲೀಮಿನ ಹಜಾರ, ಮೇಲೆ ನಮ್ಮ ಸಂಸಾರ. ಹೈಸ್ಕೂಲು ಮುಗಿಸಿದ್ದೇನೆ. ಒಂದು ದಿನವೂ ಯಾರಿಗೂ ಗುದ್ದಿದವಳಲ್ಲ, ಆದರೆ ಗುದ್ದುವವರೆಲ್ಲ ನನ್ನನ್ನು ಕೇಳಿಯೇ ಹೊಸಿಲು ದಾಟುತ್ತಾರೆ.

ಈ ದಿನಚರಿ ಪುಸ್ತಕ ಸೊಸೆ ತಂದದ್ದು. ಅವಳು ಕೆಲಸ ಮಾಡುವ ಔಷಧದ ಅಂಗಡಿಗೆ ಯಾವುದೋ ಕಂಪನಿ ಪುಕ್ಕಟೆ ಕೊಟ್ಟಿತಂತೆ. ಪ್ರತಿ ಪುಟದ ಕೆಳಗೂ ಕೀಲುನೋವಿನ ಮುಲಾಮಿನ ಚಿತ್ರ. "ಬರೀರಿ ಅತ್ತೆ, ಮನಸ್ಸು ಹಗುರ ಆಗುತ್ತೆ" ಎಂದಳು. ನನ್ನ ಮನಸ್ಸು ಭಾರವಾಗಿದೆ ಎಂದು ಇವಳಿಗೆ ಯಾರು ತೂಗಿ ಹೇಳಿದರೋ. ಖಾಲಿ ಹಾಳೆ ಹಾಳಾಗಬಾರದೆಂದು ಬರೆಯುತ್ತಿದ್ದೇನೆ, ಅಷ್ಟೆ.

ಇವತ್ತು ಮಗ ಪಂದ್ಯಕ್ಕೆ ಒಪ್ಪಿದ. ಮುಂದಿನ ತಿಂಗಳು ಇಪ್ಪತ್ತೆರಡಕ್ಕೆ, ದೊಡ್ಡ ಒಳಾಂಗಣದಲ್ಲಿ. ಒಪ್ಪಿಸಿದ್ದು ನಾನೇ. ಎದುರು ಬೀದಿಯಲ್ಲಿ ಗಾಜಿನ ಗೋಡೆಯ ಹೊಸ ಶಾಲೆ ತೆರೆದಾಗಿನಿಂದ ನಮ್ಮ ಹುಡುಗರು ಒಬ್ಬೊಬ್ಬರಾಗಿ ಅತ್ತ ಸರಿಯುತ್ತಿದ್ದಾರೆ. ಅಲ್ಲಿ ಗುದ್ದುವುದು, ಒದೆಯುವುದು, ನೆಲಕ್ಕೆ ಕೆಡವಿ ಹೊರಳಾಡುವುದು ಎಲ್ಲವೂ ಒಂದೇ ಪಾತ್ರೆಯಲ್ಲಿ. "ಒಂದೇ ಒಂದು ಸಲ ಕಣಕ್ಕಿಳಿ. ಇಡೀ ಊರು ನಿಮ್ಮಪ್ಪನ ಹೆಜ್ಜೆಯ ಸದ್ದು ಕೇಳಲಿ" ಎಂದೆ. ಅವನಿಗೆ ಮೂವತ್ತೊಂಬತ್ತು. ಅವನ ಅಪ್ಪ ಆ ವಯಸ್ಸಿನಲ್ಲಿ ಹೆಸರು ಮಾಡಿದ್ದರು.

ಆ ಹೆಜ್ಜೆಯ ವಿಷಯ ಬರೆದಿಡಬೇಕು. ಎಲ್ಲ ಬಾಕ್ಸರ್‌ಗಳೂ ಮುಂದೆ ಹೋಗುವಾಗ ಮೊದಲು ಮುಂದಿನ ಕಾಲಿಡುತ್ತಾರೆ, ಆಮೇಲೆ ಹಿಂದಿನ ಕಾಲನ್ನು ಅಷ್ಟೇ ದೂರ ತರುತ್ತಾರೆ. ಕಾಲು ಕತ್ತರಿ ಹಾಕುವಂತಿಲ್ಲ, ಎರಡೂ ಪಾದ ಕೂಡುವಂತಿಲ್ಲ. ಇದು ಎಲ್ಲ ಶಾಲೆಯಲ್ಲೂ ಮೊದಲ ಪಾಠ. ನಮ್ಮಲ್ಲಿ ಮಾತ್ರ ಹಿಂದಿನ ಪಾದ, ಅಂದರೆ ಬಲಪಾದ, ಮೇಲೇಳುವುದಿಲ್ಲ. ಹೆಬ್ಬೆರಳು ನೆಲದ ಹಲಗೆಗೆ ಉಜ್ಜಿಕೊಂಡೇ ಬರಬೇಕು. ಟಪ್, ಸರ್ರ್. ಟಪ್, ಸರ್ರ್. ಆ ಸದ್ದು ಹತ್ತಿರವಾಗುತ್ತಿದ್ದರೆ ಎದುರಾಳಿಗೆ ಅರ್ಧ ಸೋಲು ಅಲ್ಲೇ. ಉಜ್ಜುಹೆಜ್ಜೆ ಎಂದರೆ ನಮ್ಮ ಮನೆ, ನಮ್ಮ ಮನೆ ಎಂದರೆ ಉಜ್ಜುಹೆಜ್ಜೆ. ಬಾಗಿಲ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ನನ್ನ ಗಂಡನ ಬೂಟುಗಳಿವೆ; ಬಲಗಾಲಿನದು ಹೆಬ್ಬೆರಳಿನ ಜಾಗದಲ್ಲಿ ಸವೆದು ತೂತಾಗಿದೆ. ಹೊಸದಾಗಿ ಸೇರಿದವರಿಗೆ ಮೊದಲು ಅದನ್ನೇ ತೋರಿಸುತ್ತೇನೆ.

ನನ್ನ ಕುರ್ಚಿ ಹಜಾರಕ್ಕೆ ಬೆನ್ನು ಮಾಡಿಕೊಂಡು ಬೀದಿಯ ಕಿಟಕಿಗೆ ಮುಖ ಮಾಡಿದೆ. ಯಾರು ಹೇಗೆ ನಡೆಯುತ್ತಿದ್ದಾರೆ ಎಂದು ತಿಳಿಯಲು ನನಗೆ ಕಿವಿ ಸಾಕು.

ಫೆಬ್ರವರಿ ೫, ಗುರುವಾರ

ಈಗಿನ ಜನಕ್ಕೆ ಬರೀ ಗುದ್ದಾಟ ಸಾಲದಂತೆ. ಪಂದ್ಯದಲ್ಲಿ ಒದೆಯೂ ಇದೆ. ಅದಕ್ಕೆ ಮಗ ಒಬ್ಬಳನ್ನು ಕರೆತಂದಿದ್ದಾನೆ. ಕಿಕ್‌ಬಾಕ್ಸಿಂಗ್ ಕಲಿಸುವವಳು, ಮೂವತ್ತೂ ದಾಟಿಲ್ಲ, ತಲೆಕೂದಲು ಗಂಡುಹುಡುಗರಿಗಿಂತ ಗಿಡ್ಡ. ನಾನು ಒದೆಯಮ್ಮ ಎಂದು ಹೆಸರಿಟ್ಟೆ. ಎದುರಿಗೇ ಹಾಗೆ ಕರೆದೆ. ನಕ್ಕಳು. ನಾಚಿಕೆ ಇದ್ದವರು ನಗುವುದಿಲ್ಲ.

ಬಂದ ಮೊದಲ ದಿನವೇ ನಮ್ಮ ನಿಲುವಿನಲ್ಲಿ ತಪ್ಪು ಹುಡುಕಿದಳು.

"ಅಮ್ಮಾ, ನೀವು ಕಲಿಸಿರೋ ನಿಲುವು ಗುದ್ದಿಗೆ ಚೆನ್ನಾಗಿದೆ. ಒದೆಗೆ ಆಗಲ್ಲ. ಪಕ್ಕಕ್ಕೆ ತಿರುಗಿ ನಿಂತು ಮುಂದಿನ ಕಾಲಿನ ಮೇಲೆ ಇಷ್ಟು ಭಾರ ಹಾಕಿದ್ರೆ ಅದನ್ನ ಎತ್ತಿ ಒದೆ ತಡೆಯೋಕಾಗಲ್ಲ. ಮೀನಖಂಡಕ್ಕೆ ನಾಲ್ಕು ಬಿದ್ರೆ ಮುಗೀತು."

"ಬೀಳೋಕೆ ಬಿಡೋರು ಯಾರು?"

"ಬೀಳುತ್ತೆ ಅಮ್ಮಾ. ಅದನ್ನ ನೋಡೋಕೇ ಅಲ್ವಾ ಜನ ಟಿಕೆಟ್ ತಗೊಂಡು ಬರೋದು."

ಮುಂದಿನ ಕಾಲಿಗೆ ಪೆಟ್ಟಾದಾಗ ಕಾಲು ಬದಲಿಸಿ ನಿಲ್ಲಬೇಕಂತೆ. ಹಿಂದಿನದು ಮುಂದೆ, ಮುಂದಿನದು ಹಿಂದೆ, ಎಡಗೈಯವರ ಹಾಗೆ. ಅದನ್ನು ಇವನಿಗೆ ಕಲಿಸುತ್ತಾಳಂತೆ. ಇಪ್ಪತ್ತೈದು ವರ್ಷ ಒಂದೇ ಕಡೆ ನಿಂತವನಿಗೆ.

ನನ್ನ ಮೈದುನ ಮೂಲೆಯಲ್ಲಿ ನಿಂತು ಹಲ್ಲು ಕಿರಿಯುತ್ತಿದ್ದ. ಅವನು ಅಣ್ಣನ ಪಂದ್ಯಗಳಿಗೆಲ್ಲ ನೀರಿನ ಬಕೆಟ್ಟು ಹಿಡಿದು ಹೋಗುತ್ತಿದ್ದವನು. ಊರೆಲ್ಲ ಅವನನ್ನು ಬಕೆಟ್ಟು ಎಂದೇ ಕರೆಯುತ್ತದೆ. ಅಣ್ಣ ಹೋಗಿ ಹತ್ತು ವರ್ಷವಾದರೂ ಇವನು ಬಕೆಟ್ಟು ಕೆಳಗಿಟ್ಟಿಲ್ಲ.

ಫೆಬ್ರವರಿ ೧೧, ಬುಧವಾರ

ಸೊಸೆಗೆ ಮಾತು ಹೆಚ್ಚಾಗಿದೆ. ಮಧ್ಯಾಹ್ನ ಊಟಕ್ಕೆ ಕುಳಿತಾಗ ಶುರು ಮಾಡಿದಳು.

"ಅತ್ತೆ, ಇವರು ಅಂಗಿ ಗುಂಡಿ ಹಾಕೋಕೆ ಎಷ್ಟು ಹೊತ್ತು ತಗೋತಾರೆ ನೋಡಿದೀರಾ?"

"ಹೆಂಡತಿ ಇದ್ದೂ ಗಂಡ ಗುಂಡಿ ಹುಡುಕಬೇಕಾ?"

"ನಿನ್ನೆ ನಮ್ಮ ಅಂಗಡಿ ದಾರಿ ತಪ್ಪಿ ಆ ಕಡೆ ಸೇತುವೆ ತನಕ ಹೋಗಿದ್ರು. ಮದುವೆಯಾದಾಗಿನಿಂದ ನನ್ನ ಕರ್ಕೊಂಡು ಬರೋಕೆ ಬರ್ತಿರೋ ದಾರಿ ಅದು."

"ಪಂದ್ಯದ ಯೋಚನೆ. ನಿಮ್ಮ ಮಾವನೂ ಹಾಗೇ."

"ಮಾವನೂ ಹಾಗೇ ಅಂತಾನೇ ನಾನು ಹೇಳ್ತಿರೋದು ಅತ್ತೆ."

ಉಪ್ಪು ಕಮ್ಮಿಯಾಗಿದೆ ಎಂದೆ. ಕಮ್ಮಿಯಾಗಿರಲಿಲ್ಲ.

ಅವಳು ದಿನಕ್ಕೆ ನೂರು ಜನಕ್ಕೆ ಮಾತ್ರೆ ಕೊಡುವವಳು. ಅವಳ ಕಣ್ಣಿಗೆ ಎಲ್ಲರೂ ರೋಗಿಗಳೇ.

ಫೆಬ್ರವರಿ ೧೨, ಗುರುವಾರ

ಮಗ ಚಹಾದ ಗಾಜಿನ ಲೋಟ ಬೀಳಿಸಿದ. ನನ್ನ ತವರಿನದು, ಜೋಡಿಯಲ್ಲಿ ಉಳಿದಿದ್ದ ಒಂದೇ ಲೋಟ. ಸೊಸೆ ನನ್ನನ್ನೇ ನೋಡುತ್ತಿದ್ದಳು. ನಾನು ಲೋಟದ ಚೂರು ನೋಡುತ್ತಿದ್ದೆ.

ಫೆಬ್ರವರಿ ೧೭, ಮಂಗಳವಾರ

ಇವತ್ತು ಬಹಳ ದಿನಗಳ ಮೇಲೆ ಈ ಮನೆಗೆ ಮರ್ಯಾದೆ ಬಂತು. ಪಂದ್ಯದ ಸುದ್ದಿ ಕೇಳಿ ಹಳೆಯ ಶಿಷ್ಯರು ಬಂದಿದ್ದರು. ಹೊಟ್ಟೆ ಬಂದಿದೆ, ಹಲ್ಲು ಹೋಗಿದೆ, ಆದರೂ ಬೂಟು ಬಿಚ್ಚಿ ಬಾಗಿಲಲ್ಲಿಟ್ಟೇ ಒಳಗೆ ಬಂದರು. ಮಗ ಹಲಗೆಯ ಮೇಲೆ ಒಬ್ಬ ಹುಡುಗನನ್ನು ಮೂಲೆಗೆ ಒತ್ತುತ್ತಿದ್ದ. ಓಡುವವನ ಹಿಂದೆ ಓಡುವುದಿಲ್ಲ ನಮ್ಮವರು. ಅವನು ಹೋಗಬೇಕೆಂದಿರುವ ಜಾಗಕ್ಕೆ ಅರ್ಧ ಹೆಜ್ಜೆ ಅಡ್ಡ ಹಾಕಿ ಮೊದಲೇ ನಿಂತುಬಿಡುತ್ತಾರೆ. ಹಾಗೆ ಜಾಗ ಕಿರಿದಾಗುತ್ತಾ ಹೋಗುತ್ತದೆ.

ಟಪ್, ಸರ್ರ್. ಟಪ್, ಸರ್ರ್.

ಎಲ್ಲರೂ ಮಾತು ನಿಲ್ಲಿಸಿದರು. ಮೈದುನ ನನ್ನ ಕುರ್ಚಿಯ ಹತ್ತಿರ ಬಂದು, "ಅಣ್ಣನೇ ಬಂದ ಹಾಗಾಯ್ತು ಅತ್ತಿಗೆ" ಎಂದು ಕಣ್ಣೊರೆಸಿಕೊಂಡ. ನಾನು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ನನ್ನ ಕಣ್ಣಲ್ಲೂ ನೀರಿತ್ತು. ಅದನ್ನು ಬಕೆಟ್ಟಿಗೆ ತೋರಿಸುವ ಅಗತ್ಯವಿಲ್ಲ.

ಚಿಕ್ಕಂದಿನಲ್ಲಿ ಈ ಹೆಜ್ಜೆ ಅವನಿಗೆ ಹತ್ತಲೇ ಇಲ್ಲ. ಹಿಂದಿನ ಕಾಲು ಎತ್ತುತ್ತಿದ್ದ. ಎತ್ತಿದಾಗಲೆಲ್ಲ ನಾನೇ ಅಳತೆಪಟ್ಟಿಯಿಂದ ಕಣಕಾಲಿಗೆ ಹೊಡೆಯುತ್ತಿದ್ದೆ. ಇಪ್ಪತ್ತರಲ್ಲಿ ಕಷ್ಟಪಟ್ಟು ಉಜ್ಜುತ್ತಿದ್ದ. ಅದು ಉರು ಹೊಡೆದ ಪಾಠದಂತೆ ಕೇಳಿಸುತ್ತಿತ್ತು. ಈಗ ಒಂದು ವರ್ಷದಿಂದ ತಾನಾಗಿಯೇ ಬಂದಿದೆ. ಇವರಿಗೂ ಹಾಗೇ ಅಲ್ಲವೇ? ನಮ್ಮ ಮದುವೆಯಾದಾಗ ಇವರು ಎಲ್ಲರಂತೆ ಕಾಲೆತ್ತಿಯೇ ಆಡುತ್ತಿದ್ದರು, ಜಿಂಕೆಯ ಹಾಗೆ. ನಲವತ್ತು ಹತ್ತಿರವಾದಾಗ ಉಜ್ಜುಹೆಜ್ಜೆ ಬಂತು. ಪಕ್ವವಾದ ಮೇಲೆ ಬರುವ ವಿದ್ಯೆ ಅದು.

ಕೊನೆಕೊನೆಗೆ ಇವರನ್ನು ಕೂರಿಸಿ ಉಣಿಸಬೇಕಾಯಿತು, ನನ್ನನ್ನು ಯಾರೆಂದು ಕೇಳುತ್ತಿದ್ದರು. ಅದು ಬೇರೆ. ಅದು ವಯಸ್ಸು. ಅರವತ್ತೂ ಆಗಿರಲಿಲ್ಲ, ಆದರೂ ಕೆಲವರಿಗೆ ಬೇಗ ಬರುತ್ತದೆ.

ಫೆಬ್ರವರಿ ೨೪, ಮಂಗಳವಾರ

ಜನವರಿಯಲ್ಲಿ ಕೊಂಡ ಮಗನ ಬೂಟು ಆಗಲೇ ಸವೆದಿದೆ. ಬಲಗಾಲಿನ ಹೆಬ್ಬೆರಳಿನ ಜಾಗದಲ್ಲಿ ತೂತು, ಅಪ್ಪನದರಲ್ಲಿ ಇರುವಲ್ಲಿಯೇ, ಅಷ್ಟೇ ಅಗಲ. ಗಾಜಿನ ಪೆಟ್ಟಿಗೆಯ ಬೀಗ ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಶಿಷ್ಯರನ್ನು ಕರೆದು ತೋರಿಸಿದೆ.

ಸೊಸೆ ಮೇಲಿನಿಂದ ಇಳಿದು ಬಂದಳು. ಕೈಯಲ್ಲಿ ಮಗ ಮನೆಯೊಳಗೆ ಹಾಕಿಕೊಳ್ಳುವ ಚಪ್ಪಲಿ. ಬಲಗಾಲಿನದನ್ನು ತಿರುಗಿಸಿ ನನ್ನ ಮುಂದೆ ಹಿಡಿದಳು. ತುದಿ ಸವೆದು ಬಾಯಿ ಬಿಟ್ಟಿತ್ತು.

"ಇದನ್ನೂ ಇಡಿ ಅತ್ತೆ, ಗಾಜಿನ ಪೆಟ್ಟಿಗೆಯಲ್ಲಿ."

"ಏನು ಮಾತು ಅಂತ ಆಡ್ತೀಯ, ಇಷ್ಟು ಜನರ ಮುಂದೆ?"

"ಕೇಳ್ತಿದೀನಿ ಅಷ್ಟೆ. ಕಣದಲ್ಲಿ ಎದುರಾಳಿ ಇರ್ತಾನೆ, ಉಜ್ಜುತ್ತಾರೆ. ಅಡುಗೆಮನೆಯಿಂದ ಬಚ್ಚಲಮನೆಗೆ ಹೋಗುವಾಗ ಯಾರ ಜೊತೆ ಕಾದಾಡ್ತಾರೆ ಇವರು?"

ಹುಡುಗರು ಕಿಸಕ್ಕೆಂದರು. ನಾನು ಚಪ್ಪಲಿ ಕಿತ್ತು ಬೀದಿಗೆ ಎಸೆದೆ. ಅವಳು ಹೊರಗೆ ಹೋಗಿ ಹೆಕ್ಕಿಕೊಂಡು, ಒರೆಸಿಕೊಂಡು ಮೇಲೆ ಹೋದಳು. ನಾಲ್ಕು ಜನರ ಮುಂದೆ ಅತ್ತೆಯ ಮುಖಕ್ಕೆ ಚಪ್ಪಲಿ ಹಿಡಿದ ಸೊಸೆ! ಇದನ್ನು ನಾನು ಮರೆಯುವುದಿಲ್ಲ.

ಅಭ್ಯಾಸಬಲ ಎಂದು ಹೇಳಬಹುದಿತ್ತು. ಆಗ ತೋಚಲಿಲ್ಲ. ಈಗ ತೋಚಿತು. ಅಭ್ಯಾಸಬಲ.

ಮಾರ್ಚ್ ೩, ಮಂಗಳವಾರ

ಒದೆಯಮ್ಮ ಇವತ್ತು ಕಾಲು ಬದಲಿಸಿ ನಿಲ್ಲಿಸಿ ನಡೆಸುತ್ತಿದ್ದಳು. ಬಲಗಾಲು ಮುಂದೆ, ಎಡಗಾಲು ಹಿಂದೆ. ಹಾಗಿದ್ದರೆ ಬಲಗಾಲು ಟಪ್ ಎನ್ನಬೇಕು, ಎಡಗಾಲು ಸರ್ರ್ ಎಂದು ಹಿಂಬಾಲಿಸಬೇಕು. ಪಕ್ಕ ಬದಲಾದರೂ ಸದ್ದು ಅದೇ.

ನನಗೆ ಕೇಳಿಸಿದ್ದು ಸರ್ರ್, ಟಪ್.

ಕಿಟಕಿಯಿಂದ ತಿರುಗದೆಯೇ ಕೂಗಿದೆ: "ಮುಂದಿನ ಕಾಲು ಎತ್ತೋ! ಅದನ್ನ ಯಾಕೆ ಉಜ್ಜುತೀಯ?"

"ಎತ್ತಿದೀನಲ್ಲಮ್ಮಾ" ಎಂದ.

ಸರ್ರ್, ಟಪ್.

"ಎತ್ತು ಅಂದ್ನಲ್ಲ!"

"ಎತ್ತೇ ಇದೀನಿ. ನೀನು ತಿರುಗಿ ನೋಡು ಬೇಕಾದ್ರೆ."

ನೋಡಲಿಲ್ಲ. ಹೊಸ ಪಾಠ. ಹೊಸ ಪಾಠದಲ್ಲಿ ಎಲ್ಲರಿಗೂ ಕಾಲು ತೊಡರುತ್ತದೆ.

ಮಾರ್ಚ್ ೪, ಬುಧವಾರ

ಪಾಠ ಮುಗಿದ ಮೇಲೆ ಒದೆಯಮ್ಮನನ್ನು ಕರೆದೆ. ಕೈಗೆ ಕಟ್ಟಿದ್ದ ಬಟ್ಟೆಯ ಪಟ್ಟಿ ಬಿಚ್ಚಿ ಸುತ್ತುತ್ತಾ ಬಂದು ನಿಂತಳು.

"ಕಾಲು ಬದಲಿಸಿ ನಿಂತಾಗ ಕಲಿಯುವವರಿಗೆ ತೊಂದರೆ ಯಾವ ಕಾಲಲ್ಲಿ?"

"ಹಿಂದಿನ ಕಾಲಲ್ಲಿ ಅಮ್ಮಾ. ಅದು ಎಲ್ಲೋ ಉಳ್ಕೊಂಡುಬಿಡುತ್ತೆ, ಮರೆತುಹೋಗುತ್ತೆ."

"ಮುಂದಿನದು?"

"ಮುಂದಿನದು ಯಾರಿಗೂ ಉಜ್ಜಲ್ಲ. ಹೊಸಬರಿಗೂ ಉಜ್ಜಲ್ಲ. ಉಜ್ಜಿದ್ರೆ ಮುಗ್ಗರಿಸಿ ಬೀಳ್ತಾರೆ." ಪಟ್ಟಿ ಸುತ್ತುವುದನ್ನು ನಿಲ್ಲಿಸಿದಳು. "ಬಂದಾಗಿನಿಂದ ನಿಮ್ಮ ಮಗನಿಗೆ ಹೇಳ್ತಾನೇ ಇದೀನಿ. ನೀವು ಕಲಿಸಿದ ಅಭ್ಯಾಸ ಅಂದ್ಕೊಂಡಿದ್ದೆ. ಆದ್ರೆ ನೀವು ಕಲಿಸಿರೋದು ಹಿಂದಿನ ಕಾಲು ಉಜ್ಜೋದನ್ನ. ಇವರು ಬಲಗಾಲು ಉಜ್ಜುತಾರೆ. ಅದು ಎಲ್ಲೇ ಇರಲಿ."

"ನಿನಗೆ ಕಲಿಸೋಕೆ ಬರಲ್ಲ ಅನ್ನು."

"ಇರಬಹುದು ಅಮ್ಮಾ" ಎಂದಳು. ಅವಳು ವಾದ ಮಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಮಾರ್ಚ್ ೫, ಗುರುವಾರ

ಕುರ್ಚಿ ತಿರುಗಿಸಿದೆ. ಬೆಳಗ್ಗೆಯ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಅದಕ್ಕೆ.

ಮಾರ್ಚ್ ೯, ಸೋಮವಾರ

ನನ್ನ ಗಂಡನ ಮನೆಚಪ್ಪಲಿ ನೆನಪಾಯಿತು. ಮೆಟ್ಟಿಲು ಹತ್ತಿ ಬರುವಾಗ ಸರ್ರ್ ಎನ್ನುತ್ತಿದ್ದವು. "ಮನೇಲಾದ್ರೂ ಕಾಲೆತ್ತಿ ನಡೀರಿ, ಚಪ್ಪಲಿಗೆ ಯಾರು ದುಡ್ಡು ಸುರೀತಾರೆ" ಎಂದು ನಾನು ರೇಗುತ್ತಿದ್ದೆ. "ಆಯ್ತು ಮಾರಾಯ್ತಿ" ಎನ್ನುತ್ತಿದ್ದರು. ಮತ್ತೆ ಸರ್ರ್.

ಮೈದುನನನ್ನು ಕರೆದು ಎದುರಿಗೆ ಕೂರಿಸಿದೆ.

"ಉಜ್ಜುಹೆಜ್ಜೆ ಶುರುವಾಗಿದ್ದು ಯಾವಾಗ?"

ಅವನು ಎಂದಿನ ಕತೆ ತೆಗೆದ. ಬಂದರಿನ ದೈತ್ಯಾಕಾರದ ಬಾಕ್ಸರ್ ಒಬ್ಬ, ಇಡೀ ಊರು ಸೇರಿದ್ದು, ಎಂಟನೆಯ ಸುತ್ತಿನಲ್ಲಿ ಅಣ್ಣ ಬಿದ್ದು ಎದ್ದದ್ದು, ಎದ್ದವರು ಹೊಸದೊಂದು ಹೆಜ್ಜೆ ಹಾಕುತ್ತಾ ಮುಂದೆ ಬಂದದ್ದು, ಎದುರಾಳಿ ದಿಕ್ಕೆಟ್ಟದ್ದು. ಶಿಷ್ಯರಿಗೆಲ್ಲ ಬಾಯಿಪಾಠವಾಗಿರುವ ಕತೆ. ನನಗೂ.

"ಅದು ಹುಡುಗರಿಗೆ ಹೇಳೋದು. ನನಗೆ ಹೇಳು."

ಬಕೆಟ್ಟು ನನ್ನ ಮುಖ ಬಿಟ್ಟು ಗಾಜಿನ ಪೆಟ್ಟಿಗೆಯತ್ತ ನೋಡಿದ.

"ಬಿಡಿ ಅತ್ತಿಗೆ. ಹೇಳಿ ಹೇಳಿ ನಾನೇ ನಂಬಿಬಿಟ್ಟಿದೀನಿ."

"ನಂಬಿದ್ದು ಸಾಕು. ಹೇಳು."

"ಆ ಪಂದ್ಯ ಆಗಿ ವಾರ ಕಳೆದ್ರೂ ಅಣ್ಣನಿಗೆ ಕಾಲು ಸರಿಹೋಗ್ಲಿಲ್ಲ. 'ಬಲಗಾಲು ಏಳ್ತಾ ಇಲ್ಲ ಕಣೋ, ಎತ್ತಿದೀನಿ ಅನ್ಸುತ್ತೆ, ಎದ್ದಿರಲ್ಲ. ನಿಮ್ಮ ಅತ್ತಿಗೆಗೆ ಹೇಳ್ಬೇಡ' ಅಂದ್ರು. ಯಾರೋ ಪತ್ರಿಕೆಯವನು ಬಂದು ಇದೇನು ಹೊಸ ಹೆಜ್ಜೆ ಅಂತ ಕೇಳ್ದ. ಹೌದಪ್ಪ, ಅಣ್ಣ ಕಂಡುಹಿಡಿದಿದ್ದು ಅಂದೆ. ಅಣ್ಣನೂ ನಕ್ಕುಬಿಟ್ರು. ಆಮೇಲೆ ನೀವು ಹುಡುಗರಿಗೆ ಕಲಿಸೋಕೆ ಶುರು ಮಾಡಿದ್ರಿ. ಹೇಗೆ ಬೇಡ ಅನ್ನಲಿ?"

"ಬಾಯಲ್ಲಿ."

ಅವನು ತಲೆ ತಗ್ಗಿಸಿದ. ಇಷ್ಟು ವರ್ಷ ನನ್ನ ಅನ್ನ ತಿಂದವನು. ಆ ಬಕೆಟ್ಟಿನಲ್ಲೇ ಅವನನ್ನು ಮುಳುಗಿಸಬೇಕೆನಿಸಿತು. "ಎದ್ದು ಹೋಗು" ಎಂದೆ. ಎದ್ದು ಹೋದ. ಊಟಕ್ಕೆ ಬರಲಿಲ್ಲ. ಕರೆಯಲಿಲ್ಲ.

ಎತ್ತಿದೀನಿ ಅನ್ಸುತ್ತೆ, ಎದ್ದಿರಲ್ಲ.

ಮಾರ್ಚ್ ೧೩, ಶುಕ್ರವಾರ

ಮಗನಿಗೆ ಪಂದ್ಯ ಬಿಡು ಎಂದೆ. ಅವನು ಹಗ್ಗ ಬೀಸಿ ಜಿಗಿಯುತ್ತಿದ್ದವನು ನಿಲ್ಲಿಸಿ ನಕ್ಕ. ಹಗ್ಗ ಬಲಗಾಲಿಗೆ ಸಿಕ್ಕಿಕೊಂಡಿತ್ತು.

"ಒಪ್ಪಿಸಿದ್ದು ನೀನೇ."

"ಈಗ ಬಿಡಿಸ್ತಿರೋಳೂ ನಾನೇ."

"ನಿನ್ನ ಸೊಸೆ ತಲೆ ತಿರುಗಿಸಿದ್ಲಾ?"

"ನನ್ನ ತಲೆ ತಿರುಗಿಸೋರು ಇನ್ನೂ ಹುಟ್ಟಿಲ್ಲ. ನಿನ್ನ ಕಾಲು ಸರಿಯಿಲ್ಲ. ನಿಮ್ಮಪ್ಪನದೂ ಸರಿ ಇರಲಿಲ್ಲ."

ನಗು ನಿಂತಿತು. "ಅಪ್ಪನ ವಿಷಯ ಎತ್ಬೇಡ" ಎಂದ. "ಈ ಹೆಜ್ಜೆಗೋಸ್ಕರ ಅಳತೆಪಟ್ಟಿಯಲ್ಲಿ ಹೊಡೆದೆ ನೀನು. ಬರಲಿಲ್ಲ ಅಂತ ಮಾತು ಬಿಟ್ಟೆ. ಈಗ ಬಂದಿದೆ. ಈಗ ಸರಿಯಿಲ್ವಾ?"

ಪಂದ್ಯಕ್ಕೆ ಮುಂಚಿನ ಡಾಕ್ಟರ ಪರೀಕ್ಷೆಯಲ್ಲಿ ತಡೆಯುತ್ತಾರೆ ಎಂದೆ. ಅದಕ್ಕೂ ಅವನ ಹತ್ತಿರ ಉತ್ತರವಿತ್ತು. ಮೊದಲ ಸುತ್ತಿನ ಪರೀಕ್ಷೆ ಕಳೆದ ತಿಂಗಳೇ ಆಯಿತಂತೆ. ಗೆರೆಯ ಮೇಲೆ ನಡೆಸಿದರಂತೆ. ಕಾಲು ಉಜ್ಜಿದ್ದು ಕೇಳಿ ಡಾಕ್ಟರು ನಕ್ಕು, "ಓಹೋ, ನಿಮ್ಮ ಮನೆ ಹೆಜ್ಜೆ ಅಲ್ವಾ! ನಮ್ಮ ತಂದೆ ನಿಮ್ಮ ತಂದೆಯ ಪಂದ್ಯ ನೋಡಿದ್ರು" ಎಂದು ಕೈಕುಲುಕಿದರಂತೆ.

ಪಂದ್ಯ ಏರ್ಪಡಿಸುವವನನ್ನು ಕರೆಸಿದೆ. ಯಾವಾಗಲೂ ಬೆವರೊರೆಸುತ್ತಿರುತ್ತಾನೆ, ನಾವು ಅವನನ್ನು ಕರವಸ್ತ್ರ ಎನ್ನುತ್ತೇವೆ. ನನ್ನ ಶಾಲೆಯ ಪರವಾನಗಿಯ ಮೇಲೆ ನನ್ನ ಮಗ ಆಡುವುದಿಲ್ಲ ಎಂದೆ.

"ಅಮ್ಮಾವ್ರೇ, ಎದುರು ಶಾಲೆಯವರು ಅವರ ಪರವಾನಗಿ ಮೇಲೆ ಆಡಿಸ್ತೀವಿ ಅಂತ ಕಾಯ್ತಾ ಇದಾರೆ. ಹೆಸರು ಅವರಿಗೆ ಹೋಗುತ್ತೆ, ಅಷ್ಟೆ. ಡಾಕ್ಟರು ಬೇಡ ಅಂದ್ರೆ ಮಾತ್ರ ನನ್ನ ಕೈಲಿ ಇಲ್ಲ."

ಹೋಗುವಾಗ ಗಾಜಿನ ಪೆಟ್ಟಿಗೆಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು ಹೋದ.

ಮಾರ್ಚ್ ೧೬, ಸೋಮವಾರ

ಔಷಧದ ಅಂಗಡಿಗೆ ಹೋದೆ. ಸೊಸೆ ಅಲ್ಲಿ ಕೆಲಸಕ್ಕೆ ಸೇರಿ ಇಷ್ಟು ವರ್ಷವಾದರೂ ಆ ಹೊಸಿಲು ತುಳಿದಿರಲಿಲ್ಲ. ಜನರಿದ್ದರು, ಸಾಲಿನಲ್ಲಿ ನಿಂತೆ. ಮನೆಯಲ್ಲಿ ನೋಡಿದ ಹೆಂಗಸಲ್ಲ ಅಲ್ಲಿರುವವಳು. ಒಬ್ಬ ಮುದುಕನಿಗೆ ಎರಡು ಮಾತ್ರೆಯ ವ್ಯತ್ಯಾಸವನ್ನು ಬೇಸರವಿಲ್ಲದೆ ಮತ್ತೆ ಮತ್ತೆ ಹೇಳುತ್ತಿದ್ದಳು. ನನ್ನ ಸರದಿ ಬಂದಾಗ ತಲೆಯೆತ್ತಿ ಗಾಬರಿಯಾದಳು.

"ಏನಾಯ್ತು ಅತ್ತೆ? ಬಿದ್ರಾ?"

"ಯಾರೂ ಬಿದ್ದಿಲ್ಲ. ಶುಕ್ರವಾರ ಕೊನೇ ಪರೀಕ್ಷೆ. ನಾನು ಹೋಗ್ತೀನಿ. ನೀನೂ ಬಾ."

ಅವಳು ಕೈಯಲ್ಲಿದ್ದ ಮಾತ್ರೆಯ ಪೊಟ್ಟಣ ಕೆಳಗಿಟ್ಟಳು. ಹಿಂದಿದ್ದವರು ಗೊಣಗತೊಡಗಿದರು.

"ಈಗ ಬಂದ್ರಾ?"

"ಈಗ ಬಂದೆ."

"ಮೆಟ್ಟಿಲಿದೆ, ಹುಷಾರಾಗಿ ಇಳೀರಿ" ಎಂದಳು. ಆಮೇಲೆ, "ಮುಂದಿನವರು ಬನ್ನಿ."

ಮಾರ್ಚ್ ೨೦, ಶುಕ್ರವಾರ

ಪರೀಕ್ಷೆ ಒಳಾಂಗಣದ ಹಿಂದಿನ ಸಣ್ಣ ಕೋಣೆಯಲ್ಲಿ. ಒಂದು ತೂಕದ ಯಂತ್ರ, ಒಂದು ಮೇಜು, ನೆಲದ ಮೇಲೆ ಬಿಳಿ ಬಣ್ಣದ ಗೆರೆ. ಡಾಕ್ಟರು, ಕರವಸ್ತ್ರ, ಮಗ. ಮೈದುನ ಬಕೆಟ್ಟು ಹಿಡಿದೇ ಬಂದಿದ್ದ. ಒದೆಯಮ್ಮ, ಅಲ್ಲ, ಆ ಹುಡುಗಿ ಬಾಗಿಲಿಗೆ ಒರಗಿ ನಿಂತಿದ್ದಳು. ನನ್ನನ್ನೂ ಸೊಸೆಯನ್ನೂ ಒಟ್ಟಿಗೆ ನೋಡಿ ಮಗ ಹುಬ್ಬು ಗಂಟಿಕ್ಕಿದ.

ಕಣ್ಣಿಗೆ ದೀಪ ಬಿಟ್ಟರು. ನಾಡಿ ನೋಡಿದರು. ಗೆರೆಯ ಮೇಲೆ ನಡೆ ಎಂದರು. ಮಗ ತಾಲೀಮಿನ ನಿಲುವಿನಲ್ಲಿಯೇ ಮುಂದೆ ಬಂದ. ಟಪ್, ಸರ್ರ್. ಟಪ್, ಸರ್ರ್. ಡಾಕ್ಟರ ಮುಖ ಅರಳಿತು. "ಇದನ್ನ ನೋಡೋಕೇ ಭಾನುವಾರ ಮನೆಯವರನ್ನೆಲ್ಲ ಕರ್ಕೊಂಡು ಬರ್ತಿದೀನಿ" ಎಂದು ಪೆನ್ನಿನ ಮುಚ್ಚಳ ತೆಗೆದರು.

"ಡಾಕ್ಟ್ರೇ, ಕಾಲು ಬದಲಿಸಿ ನಡೆಸಿ" ಎಂದೆ.

"ಅಂದ್ರೆ?"

"ಬಲಗಾಲು ಮುಂದೆ ಇಟ್ಟು. ಎಡಗೈಯವರು ನಿಲ್ಲೋ ಹಾಗೆ."

ಮಗ ನನ್ನನ್ನು ನೋಡಿದ. ಚಿಕ್ಕಂದಿನಲ್ಲಿ ಅಳತೆಪಟ್ಟಿ ಕೈಗೆತ್ತಿಕೊಂಡಾಗ ನೋಡುತ್ತಿದ್ದನಲ್ಲ, ಹಾಗೆ. "ಅಮ್ಮ, ಬೇಡ" ಎಂದ ಮೆಲ್ಲಗೆ.

"ನಡಿ" ಎಂದೆ.

ನಡೆದ. ಸರ್ರ್, ಟಪ್. ಸರ್ರ್, ಟಪ್. ಗೋಡೆ ಮುಟ್ಟಿ ತಿರುಗುವಾಗ ಬೂಟಿನ ತುದಿ ನೆಲಕ್ಕೆ ಕಚ್ಚಿಕೊಂಡು ಮುಗ್ಗರಿಸಿ ಮೇಜು ಹಿಡಿದ. ಡಾಕ್ಟರ ಮುಖದ ನಗು ಹಾಗೇ ಇತ್ತು, ತೆಗೆಯುವುದನ್ನು ಮರೆತಂತೆ. ಪೆನ್ನು ಮುಚ್ಚಿದರು. ಬೂಟು ಬಿಚ್ಚಿಸಿ ನಡೆಸಿದರು. ಹೆಬ್ಬೆರಳಿಗೆ ಒಂದೊಂದೇ ಬೆರಳು ಮುಟ್ಟಿಸು ಎಂದರು. ಎಡಗೈ ಆಡಿತು, ಬಲಗೈ ಹುಡುಕಾಡಿತು. ವಾರದ ದಿನಗಳನ್ನು ಹಿಂದಿನಿಂದ ಹೇಳು ಎಂದರು. ಗುರುವಾರದ ಹಿಂದೆ ಅವನು ನಿಂತುಬಿಟ್ಟ.

ಸೊಸೆ ನನ್ನ ಮುಂಗೈ ಹಿಡಿದಿದ್ದಳು. ಯಾವಾಗ ಹಿಡಿದಳೋ.

"ಆದ್ರೆ ಅಮ್ಮಾ, ಇದು ನಿಮ್ಮ ಮನೆ ಹೆಜ್ಜೆ ಅಲ್ವಾ?" ಡಾಕ್ಟರು ಕೇಳಿದರು. ಹೌದು ಎನ್ನಲಿ ಎಂದು ಕೋಣೆಯಲ್ಲಿದ್ದ ಎಲ್ಲ ಗಂಡಸರೂ ಕಾದಿದ್ದರು. ಮಗನಿಗೆ ಇವತ್ತು ಹುಷಾರಿಲ್ಲ ಎಂದು ಹೇಳಿದ್ದರೂ ಅವನಪ್ಪನ ಹೆಸರು ಉಳಿಯುತ್ತಿತ್ತು.

"ಹೆಜ್ಜೆ ಅಲ್ಲ. ನನ್ನ ಗಂಡನಿಗೆ ತಲೆಗೆ ಪೆಟ್ಟು ಬಿದ್ದು ಕಾಲು ಏಳದೆ ಹೋಯ್ತು. ಅದಕ್ಕೆ ನಾವು ಹೆಸರಿಟ್ಟು ಕಲಿಸಿದ್ವಿ. ಇವನಿಗೆ ಈಗ ನಿಜವಾಗ್ಲೂ ಬಂದಿದೆ."

ಮೈದುನ ಬಕೆಟ್ಟು ಕೆಳಗಿಟ್ಟ. ಕರವಸ್ತ್ರ ಒರೆಸಿಕೊಳ್ಳುವುದನ್ನು ನಿಲ್ಲಿಸಿದ. ಡಾಕ್ಟರು ಕಾಗದದಲ್ಲಿ ಮಗನ ಹೆಸರಿನ ಮೇಲೆ ಒಂದು ಗೆರೆ ಎಳೆದು, ದೊಡ್ಡ ಆಸ್ಪತ್ರೆಯ ವಿಳಾಸ ಬರೆದು ಸೊಸೆಯ ಕೈಗೆ ಕೊಟ್ಟರು. ಇನ್ನು ತಲೆಗೆ ಒಂದು ಪೆಟ್ಟೂ ಬೀಳಕೂಡದು, ಅಭ್ಯಾಸದಲ್ಲಿಯೂ ಕೂಡದು ಎಂದರು.

ಮಗ ಬೂಟಿನ ದಾರ ಕಟ್ಟಲು ನೋಡಿದ. ಆಗಲಿಲ್ಲ. ಸೊಸೆ ಬಗ್ಗಿದಳು, ಕಾಲು ಹಿಂದಕ್ಕೆಳೆದುಕೊಂಡ. ದಾರ ಬಿಟ್ಟುಕೊಂಡೇ ಬಾಗಿಲ ತನಕ ಹೋಗಿ ನಿಂತ.

"ಅಪ್ಪನ್ನೂ ಬಿಡ್ಲಿಲ್ಲ ಅಲ್ವಾ ನೀನು" ಎಂದ.

ಬಿಡಲಿಲ್ಲ.

ಮಾರ್ಚ್ ೨೩, ಸೋಮವಾರ

ನಿನ್ನೆ ಪಂದ್ಯಗಳು ನಡೆದವಂತೆ. ಮಗನ ಜಾಗದಲ್ಲಿ ಎದುರು ಶಾಲೆಯ ಒಬ್ಬನನ್ನು ಆಡಿಸಿದರಂತೆ. ಹಳೆಯ ಶಿಷ್ಯರು ಯಾರೂ ಇತ್ತ ಸುಳಿದಿಲ್ಲ. ಒಬ್ಬ ಮಾತ್ರ ಬೀದಿಯಲ್ಲಿ ನಿಂತು, "ಗುರುಗಳ ಮಾನ ಕಳೆದ್ರಲ್ಲಾ ಅಮ್ಮ" ಎಂದು ಕೂಗಿ ಹೋದ. ಅವನಿಗೂ ಹೆಜ್ಜೆ ಕಲಿಸಿದವಳು ನಾನೇ.

ಬೆಳಗ್ಗೆ ಉಳಿದಿರುವ ಹುಡುಗರನ್ನೆಲ್ಲ ಹಲಗೆಯ ಮೇಲೆ ನಿಲ್ಲಿಸಿದೆ. ಇನ್ನು ಮೇಲೆ ಈ ಮನೆಯಲ್ಲಿ ಹಿಂದಿನ ಕಾಲು ಎತ್ತಿಯೇ ಬರಬೇಕು, ಯಾರ ಕಾಲು ಎತ್ತಿದರೂ ಏಳುವುದಿಲ್ಲವೋ ಅವನು ಅವತ್ತೇ ನನಗೆ ಹೇಳಬೇಕು, ಮುಚ್ಚಿಟ್ಟವನನ್ನು ಬೀದಿಗೆ ಅಟ್ಟುತ್ತೇನೆ ಎಂದೆ. ಆ ಹುಡುಗಿಗೆ ಬೆಳಗಿನ ಪಾಠವನ್ನೂ ವಹಿಸಿದೆ. "ಒದೆಯಮ್ಮ ಅಂತಾನೇ ಕರೀರಿ ಅಮ್ಮಾ, ಅಭ್ಯಾಸ ಆಗಿದೆ" ಎಂದಳು. ನಾಚಿಕೆಯಿಲ್ಲದವಳು.

ಮಗ ನನ್ನೊಂದಿಗೆ ಮಾತಾಡುವುದಿಲ್ಲ. ನಾನಿದ್ದಲ್ಲಿ ಉಣ್ಣುವುದಿಲ್ಲ. ದೊಡ್ಡ ಆಸ್ಪತ್ರೆಗೆ ಇವತ್ತು ಹೊತ್ತು ಗೊತ್ತುಮಾಡಿತ್ತು. ಸೊಸೆ ಕರೆದಳು, ಬರುವುದಿಲ್ಲ ಎಂದ. ಬಾಗಿಲು ಹಾಕಿಕೊಂಡ.

ಅವನು ಬರಲಿಲ್ಲ, ಅವನ ಚಪ್ಪಲಿ ಬಂತು. ನಾನು ಬೀದಿಗೆ ಎಸೆದಿದ್ದ ಅದೇ ಜೋಡಿ. ಗಾಜಿನ ಪೆಟ್ಟಿಗೆಯ ಬೀಗ ತೆಗೆದು ಇವರ ಬೂಟನ್ನೂ ತೆಗೆದೆ, ಎರಡನ್ನೂ ಒಂದೇ ಚೀಲಕ್ಕೆ ಹಾಕಿದೆ. ಸೊಸೆ ಒಂದು ಹಿಡಿ ಹಿಡಿದಳು, ನಾನು ಒಂದು ಹಿಡಿ. ಆಸ್ಪತ್ರೆಯ ತಲೆ ಡಾಕ್ಟರು ಅವನ್ನು ಮೇಜಿನ ಮೇಲೆ ತಿರುವಿ ಹಾಕಿಸಿ ನೋಡಿ, "ಎರಡೂ ಒಬ್ಬರದೇನಾ?" ಎಂದು ಕೇಳಿದರು.

"ಅಪ್ಪನದು, ಮಗನದು" ಎಂದೆ.

ಮನುಷ್ಯನನ್ನು ಕರೆತನ್ನಿ ಎಂದರು. ಗುರುವಾರ ಮತ್ತೆ ಹೊತ್ತು ಕೊಟ್ಟಿದ್ದಾರೆ.

ನಾವು ಮರಳಿ ಬಂದಾಗ ಮಗ ಹಜಾರದ ಬಾಗಿಲಲ್ಲಿ ಬರಿಗಾಲಲ್ಲಿ ನಿಂತಿದ್ದ. ಗಾಜಿನ ಪೆಟ್ಟಿಗೆಯನ್ನು ನೋಡುತ್ತಿದ್ದ. "ಎಲ್ಲಿ?" ಎಂದ. ಮೂರು ದಿನಗಳಲ್ಲಿ ನನ್ನೊಂದಿಗೆ ಆಡಿದ ಒಂದೇ ಮಾತು.

"ಡಾಕ್ಟರ ಹತ್ತಿರ ಬಿಟ್ಟು ಬಂದೆ. ಬೇಕಿದ್ರೆ ಗುರುವಾರ ನೀನೇ ಹೋಗಿ ತಗೊಂಡು ಬಾ" ಎಂದೆ.

ಅವನು ಮೆಟ್ಟಿಲು ಹತ್ತಿದ. ಬರಿಗಾಲಿಗೆ ಸದ್ದು ಕಮ್ಮಿ. ಆದರೂ ಕೊನೆಯ ಮೆಟ್ಟಿಲ ತನಕ ನಿಂತು ಕೇಳಿದೆ. ಆಮೇಲೆ ಖಾಲಿ ಪೆಟ್ಟಿಗೆಯ ಧೂಳು ಒರೆಸಿ, ಬೀಗ ಹಾಕಿದೆ.